ಡಾಕ್ಟರ್ ಒಬ್ಬರು, ಕರೆ ಹತ್ತು: ಯಾರ ಕೊಟ್ಟಿಗೆಗೆ ಮೊದಲು?



ಮನೆಗೆ ಬಂದ ನೆಂಟರನ್ನು ಕರೆದುಕೊಂಡು ದುಬಾರೆ ಆನೆ ಶಿಬಿರಕ್ಕೆ ನೀವು ಎಷ್ಟೋ ಸಲ ಹೋಗಿರುತ್ತೀರಿ. ಕಾವೇರಿ ದಾಟಿ ಆನೆ ಸ್ನಾನ ನೋಡಿ ಬರುವವರಿಗೆ ಕಾಣದ ಒಂದು ಲೆಕ್ಕ ಅಲ್ಲಿದೆ. ಆಗಸ್ಟ್ ಬಂತೆಂದರೆ ಮೈಸೂರು ದಸರಾಕ್ಕೆ ಆನೆ ಬೇಕು. ತೋಟಕ್ಕೆ ನುಗ್ಗಿದ ಕಾಡಾನೆಯನ್ನು ಹಿಡಿಯಲು ಸಾಕಾನೆ ಬೇಕು. ಆ ಕೇಳಿಕೆ ಕೊಡಗಿನಿಂದಷ್ಟೇ ಅಲ್ಲ, ಹಾಸನದ ಕಡೆಯಿಂದಲೂ ಬರುತ್ತದೆ. ಇತ್ತ ಶಿಬಿರದ ಕೆಲಸವೂ ನಿಲ್ಲುವಂತಿಲ್ಲ. ತಲೆ ಎಣಿಸಿ 'ಇಷ್ಟಿವೆಯಲ್ಲ, ಕಳಿಸಿ' ಎಂದರೆ ನಡೆಯುವುದಿಲ್ಲ. ಆನೆ ಹೋದರೆ ಅದರ ಮಾವುತ, ಕಾವಾಡಿ ಇಬ್ಬರೂ ಜೊತೆಗೆ ಹೋಗಬೇಕು. ಬೇರೆಯವರ ಮಾತನ್ನು ಅದು ಸುಲಭಕ್ಕೆ ಕೇಳುವುದಿಲ್ಲ. ಮದ ಬಂದ ಗಂಡಾನೆಯನ್ನು ಜನರ ನಡುವೆ ಕಳಿಸುವಂತಿಲ್ಲ. 2022ರ ಸೆಪ್ಟೆಂಬರಿನಲ್ಲಿ ದಸರೆಗೆ ಬಂದಿದ್ದ ಲಕ್ಷ್ಮಿ (ದುಬಾರೆಯದ್ದಲ್ಲ, ರಾಮಪುರ ಶಿಬಿರದ ಆನೆ) ಮೈಸೂರು ಅರಮನೆ ಆವರಣದಲ್ಲೇ ಮರಿ ಹಾಕಿತು. ಗಬ್ಬದ ವಿಷಯ ಮೊದಲೇ ತಿಳಿದಿರಬೇಕು ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಪಶುವೈದ್ಯರ ದಿನದ ಲೆಕ್ಕವೂ ಹೀಗೆಯೇ. ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಯ ಒಕ್ಕೂಟ ನಮ್ಮದು. ಕೊಡಗಿನಲ್ಲಿ ಮನೆಗಳು ಒತ್ತಾಗಿಲ್ಲ, ತೋಟದೊಳಗೆ ಅಲ್ಲೊಂದು ಇಲ್ಲೊಂದು. ಒಂದು ಕರೆಗೆ ದಾರಿ ಸೇರಿ ಒಂದೂಕಾಲು ಗಂಟೆ ಎಂದಿಟ್ಟುಕೊಳ್ಳಿ. ಎಂಟು ಗಂಟೆಗೆ ಆರು ಕರೆ, ಅಷ್ಟೇ. ಏಳನೆಯದು ನಾಳೆಗೆ. ಆ ಏಳನೆಯದು ಜಂತುನಾಶಕದ ಕರೆಯಾದರೆ ನಷ್ಟವಿಲ್ಲ. ಹಾಲು ಜ್ವರದ ಹಸುವಾದರೆ ಬೆಳಿಗ್ಗೆ ಹೋದಾಗ ಹಸು ಇರುವುದಿಲ್ಲ.

ಆದ್ದರಿಂದ ಫೋನ್ ಮಾಡಿದ ಸರದಿಯಂತೆ ಹೋಗುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ. ದೊಡ್ಡ ಕೊಟ್ಟಿಗೆಯವರು ಬೆಳಿಗ್ಗೆ ಆರಕ್ಕೇ ಫೋನ್ ಮಾಡುತ್ತಾರೆ. ಎರಡೇ ಹಸು ಇರುವ ಅಕ್ಕ 'ಡಾಕ್ಟರಿಗೆ ಯಾಕೆ ತೊಂದರೆ, ಸಂಜೆವರೆಗೆ ನೋಡೋಣ' ಎಂದು ಕಾಯುತ್ತಾರೆ. ಸಂಜೆ ಪೇಟೆಯಲ್ಲಿರುವ ಯಜಮಾನರಿಂದ ಫೋನ್ ಮಾಡಿಸುತ್ತಾರೆ. ಕರು ಹಾಕಿ ಎಷ್ಟು ದಿನ, ಮೇವು ತಿಂದಿದೆಯೇ, ಸಗಣಿ ಹಾಕಿದೆಯೇ ಎಂದು ಕೇಳಿದರೆ 'ಮನೆಯಲ್ಲಿ ಕೇಳಿ ಹೇಳ್ತೀನಿ ಸಾರ್' ಎಂಬ ಉತ್ತರ ಬರುತ್ತದೆ. ಹಸುವನ್ನು ನೋಡಿಕೊಳ್ಳುವವರು ನೀವು. ಫೋನ್ ನೀವೇ ಮಾಡಿ. ಎರಡು ನಿಮಿಷದ ಆ ಮಾತಿನಿಂದಲೇ ಯಾವ ಕೊಟ್ಟಿಗೆಗೆ ಮೊದಲು ಹೋಗಬೇಕೆಂದು ತೀರ್ಮಾನವಾಗುತ್ತದೆ.

ಯಾವುದಕ್ಕೆ ಒಂದು ಗಳಿಗೆಯೂ ಕಾಯಬಾರದು? ಕರು ಹಾಕಿದ ಮೂರು ದಿನದೊಳಗೆ ಹಸು ಏಳಲಾಗದೆ ಮಲಗಿ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು, ಕಿವಿ ತಣ್ಣಗಾಗಿದ್ದರೆ ಅದು ಹಾಲು ಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿ ಇರುವುದಿಲ್ಲ, ಹಲವರು ಮೋಸಹೋಗುವುದು ಇಲ್ಲೇ. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಅನೇಕ ಹಸುಗಳು ನೋಡನೋಡುತ್ತಲೇ ಚೇತರಿಸಿಕೊಳ್ಳುತ್ತವೆ. ವೈದ್ಯರು ಬರುವವರೆಗೆ ಎರಡೂ ಬದಿಗೆ ಹುಲ್ಲು ತುಂಬಿದ ಮೂಟೆ ಕೊಟ್ಟು ಎದೆಯ ಮೇಲೆ ಕೂರಿಸಿ. ಬಾಯಿಗೆ ನೀರು, ಗಂಜಿ, ಕಷಾಯ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ನೀರಿನ ಚೀಲ ಒಡೆದು ಎರಡು ಗಂಟೆಯಾದರೂ ಕರು ಬಾರದಿದ್ದರೆ, ಗರ್ಭಕೋಶ ಹೊರಬಂದರೆ (ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ), ಎಡ ಹೊಟ್ಟೆ ಉಬ್ಬಿ ಉಸಿರಾಡಲು ಕಷ್ಟಪಡುತ್ತಿದ್ದರೆ ಕೂಡಲೇ ತಿಳಿಸಿ. ನಮ್ಮ ಫೋನ್ ಸಿಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಿ.

ಕೆಚ್ಚಲು ಬಾವಿನ ಕರೆ ಅದೇ ದಿನ ಮುಟ್ಟಬೇಕು. ಸತ್ತೆ ಬೀಳದಿದ್ದರೆ ಹನ್ನೆರಡು ಗಂಟೆ ನೋಡಿ ತಿಳಿಸಿ. ಅದಕ್ಕೆ ಕಲ್ಲು ಕಟ್ಟುವುದು, ಎಳೆಯುವುದು ಬೇಡ.

ಬೆದೆಯದು ಬೇರೆ ಲೆಕ್ಕ. ಅದು ತುರ್ತಲ್ಲ, ಆದರೆ ಗಡಿಯಾರವಿದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ. ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಆ 21 ದಿನದ ಹಿಂಡಿಯ ಖರ್ಚು ನಿಮ್ಮದೇ. ನಮ್ಮಲ್ಲಿ ಬೆದೆ ತಪ್ಪಿಹೋಗುವುದು ಹೆಚ್ಚಾಗಿ ಕಾಫಿ ಕುಯ್ಲಿನ ತಿಂಗಳುಗಳಲ್ಲಿ. ಬೆಳಕು ಹರಿಯುವ ಮೊದಲೇ ಹಾಲು ಕರೆದು, ಡೇರಿಗೆ ಹಾಕಿ, ಕುಯ್ಲಿಗೆ ಹೋದರೆ ಕೊಟ್ಟಿಗೆ ನೋಡುವವರು ಯಾರೂ ಇರುವುದಿಲ್ಲ. ನಿಮ್ಮ ಮನೆಯಲ್ಲೂ ಆಳು ಒಬ್ಬರೇ, ಕೆಲಸ ಹತ್ತು. ಮನೆಯ ಅಜ್ಜಿಗೋ ಶಾಲೆಗೆ ಹೋಗುವ ಮಗಳಿಗೋ ಲೋಳೆ, ಕೂಗು, ಒಂದರ ಮೇಲೊಂದು ಹತ್ತುವುದು ಇಷ್ಟನ್ನು ತೋರಿಸಿಕೊಡಿ. ಕ್ಯಾಲೆಂಡರಿನಲ್ಲಿ ಬೆದೆಯ ದಿನಕ್ಕೆ ಗುರುತು ಹಾಕಿ 21 ಎಣಿಸಿದರೆ ಯಾವ ಬೆಳಿಗ್ಗೆ ಹತ್ತು ನಿಮಿಷ ಹೆಚ್ಚು ನಿಲ್ಲಬೇಕೆಂದು ತಿಳಿಯುತ್ತದೆ. ಮೂರು ತಿಂಗಳಿಗೆ ಗಬ್ಬದ ಪರೀಕ್ಷೆ ಮಾಡಿಸಿ. ಗಬ್ಬವಿಲ್ಲದ ಹಸುವನ್ನು ಗಬ್ಬವೆಂದು ಸಾಕುವುದಕ್ಕಿಂತ ದುಬಾರಿ ಕೆಲಸ ಇನ್ನೊಂದಿಲ್ಲ.

ಗಬ್ಬದ ಪರೀಕ್ಷೆ, ಜಂತುನಾಶಕ, ಕೊಂಬು ಸುಡುವುದು ಇವಕ್ಕೆ ದಿನ ಗೊತ್ತುಮಾಡಬಹುದು. ನನ್ನ ಸಲಹೆ ಇಷ್ಟು: ಡೇರಿಯಲ್ಲಿ ಹಾಲಳೆಯುವ ಮೇಜಿನ ಮೇಲೆ ಒಂದು ನೋಟ್‌ಬುಕ್ ಇರಲಿ. ಹಾಲು ಹಾಕಲು ಬಂದಾಗ ಹೆಸರು, ಹಸುವಿನ ಕಿವಿಯೋಲೆ ಸಂಖ್ಯೆ, ಬೇಕಾದ ಕೆಲಸ ಬರೆಸಿ. ಒಂದೇ ದಾರಿಯ ಆರೇಳು ಮನೆಯ ಕೆಲಸವನ್ನು ಒಂದೇ ಬೆಳಿಗ್ಗೆ ಮುಗಿಸಿದರೆ, ಆ ದಿನದ ಉಳಿದ ಸಮಯ ತುರ್ತು ಕರೆಗೆ ಸಿಗುತ್ತದೆ. ತುರ್ತನ್ನು ಮಾತ್ರ ಪುಸ್ತಕದಲ್ಲಿ ಬರೆದು ಕಾಯಬೇಡಿ.

ಕಾಲುಬಾಯಿ ಜ್ವರದ ಲಸಿಕೆಯ ಸುತ್ತು ಬಂದಾಗ ಈ ಲೆಕ್ಕವೆಲ್ಲ ಬಿಗಿಯಾಗುತ್ತದೆ. 2019ರಿಂದ ನಡೆಯುತ್ತಿರುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕು ತಿಂಗಳು ದಾಟಿದ ದನ, ಎಮ್ಮೆಗಳಿಗೆ ವರ್ಷಕ್ಕೆ ಎರಡು ಸಲ ಲಸಿಕೆ ಹಾಕುತ್ತೇವೆ. ದಸರೆಗೆ ಆನೆ ಹೋದ ಶಿಬಿರದಂತೆ ಆಗ ನಮ್ಮ ಸಿಬ್ಬಂದಿಯೆಲ್ಲ ಮನೆಮನೆ ಸುತ್ತುತ್ತಿರುತ್ತಾರೆ. ಆ ವಾರಗಳಲ್ಲಿ ಗಬ್ಬದ ಪರೀಕ್ಷೆ, ಜಂತುನಾಶಕದ ಕೆಲಸವನ್ನು ಮುಂದಕ್ಕೆ ಹಾಕೋಣ. ಲಸಿಕೆಯ ದಿನ ಬೆಳಿಗ್ಗೆ ದನಗಳನ್ನು ಮೇಯಲು ಬಿಡದೆ ಕಟ್ಟಿರಿ. ತೆರೆದ ಸೀಸೆಯನ್ನು ನಾಳೆಗೆ ಇಡುವಂತಿಲ್ಲ, ಒಂದು ಮನೆಗಾಗಿ ತಂಡ ಇನ್ನೊಮ್ಮೆ ಬರುವುದೂ ಕಷ್ಟ. ನೀವು ಕುಯ್ಲಿಗೆ ಹೋಗಲೇಬೇಕಾದರೆ ಪಕ್ಕದ ಮನೆಯ ಅಕ್ಕನಿಗೆ ಹೇಳಿ ಹೋಗಿ, ಹಸು ಹಿಡಿದುಕೊಳ್ಳಲು ಒಬ್ಬರು ಇದ್ದರೆ ಸಾಕು.