ಆಸ್ತಿ ಪಾಲಾಗುವ ದಿನ ಬಾಗಿಲಲ್ಲಿ ಯಾರಿದ್ದಾರೆ?

ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನ ಕಳ್ಳಕವಟಗಿ ಬಯಲುಸೀಮೆಯ ಊರು. ಅಲ್ಲಿನ ಮಳೆಗೂ ನಮ್ಮ ಕರಾವಳಿಯ ಮಳೆಗೂ ಹೋಲಿಕೆಯೇ ಇಲ್ಲ. ಆದರೆ ಅಂಥ ಊರಿನ ಸರಕಾರಿ ಶಾಲೆಯ ಮಗುವಿಗೂ ಉಳ್ಳಾಲದ ಸರಕಾರಿ ಶಾಲೆಯ ಮಗುವಿಗೂ ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ಯೋಜನೆ ಒಂದೇ. ವಾರದಲ್ಲಿ 2 ದಿನದ್ದು ಸರಕಾರದ ಖರ್ಚು. ಉಳಿದ 4 ದಿನದ ಖರ್ಚನ್ನು 2024ರಲ್ಲಿ ಅಝೀಂ ಪ್ರೇಮ್‌ಜಿ ಪ್ರತಿಷ್ಠಾನ ವಹಿಸಿಕೊಂಡಿತು. 3 ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ.

ಈ ದುಡ್ಡಿನ ಬೇರು ತಂದೆಯಿಂದ ಬಂದ ಆಸ್ತಿಯಲ್ಲಿದೆ. 1966ರಲ್ಲಿ ತಂದೆ ತೀರಿಕೊಂಡಾಗ ಪ್ರೇಮ್‌ಜಿಯವರಿಗೆ 21 ವರ್ಷ. ಅಮೆರಿಕದ ಓದು ಬಿಟ್ಟು ಬಂದು ಮಹಾರಾಷ್ಟ್ರದ ಅಮಳನೇರಿನ ವನಸ್ಪತಿ ಎಣ್ಣೆಯ ಕಂಪೆನಿ ವಹಿಸಿಕೊಂಡರು. ಅದೇ ಮುಂದೆ ವಿಪ್ರೊ ಆಯಿತು. 2019ರ ಹೊತ್ತಿಗೆ ವಿಪ್ರೊದ ಶೇ. 67ರಷ್ಟು ಶೇರುಗಳ ಆದಾಯವನ್ನು ಸಮಾಜಕ್ಕೆಂದು ಮೀಸಲಿಟ್ಟರು. ಕಾನೂನು ಕೇಳಿತೆಂದು ಕೊಟ್ಟದ್ದಲ್ಲ. ಸತ್ತವರ ಆಸ್ತಿಯ ಮೇಲಿನ ತೆರಿಗೆ ನಮ್ಮ ದೇಶದಲ್ಲಿ 1985ರಲ್ಲೇ ರದ್ದಾಗಿದೆ.

ಅಷ್ಟು ದುಡ್ಡು ನಮ್ಮಲ್ಲಿ ಎಲ್ಲಿದೆ ಅಂತ ಕೇಳಬಹುದು. ಸರಿ. ಆದರೆ ಅಜ್ಜ ಬಿಟ್ಟುಹೋದ ಹತ್ತು ಸೆಂಟ್ಸ್ ಜಾಗದ ಪಕ್ಕ ಹೆದ್ದಾರಿ ಬಂತು, ಬೆಲೆ ಏರಿತು. ಅದರಲ್ಲಿ ನಮ್ಮ ಬೆವರು ಎಷ್ಟುಂಟು?

ವ್ಯಾಪಾರಕ್ಕಲ್ಲದ ಜಾಗಕ್ಕೆ, ವಾಸದ ಮನೆಗೆ ಝಕಾತ್ ಇಲ್ಲ. ಹಾಗಾಗಿ ಭೂಮಿಯಲ್ಲೇ ಸಿರಿವಂತರಾದವರು ಶೇ. 2.5ರ ಲೆಕ್ಕ ಮುಗಿಸಿ ನೆಮ್ಮದಿಯಿಂದ ಮಲಗಬಹುದು. ಆದರೆ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ. ಮೊದಲು ಮಯ್ಯಿತ್‌ನ ಸಾಲ ತೀರಬೇಕು. ಹೆಣ್ಣುಮಕ್ಕಳ ಪಾಲು ಅವರ ಕೈಗೆ ಸೇರಬೇಕು. ಮದುವೆಗೆ ಚಿನ್ನ ಹಾಕಿದ್ದೇವಲ್ಲ ಎಂಬ ಮಾತು ಆ ಹಕ್ಕನ್ನು ಅಳಿಸುವುದಿಲ್ಲ. ಪಾಲು ಮಾಡುವಾಗ ಪಾಲಿಲ್ಲದ ಬಂಧುಗಳು, ಯತೀಮರು, ಬಡವರು ಹಾಜರಿದ್ದರೆ ಅವರಿಗೂ ಏನಾದರೂ ಕೊಟ್ಟು ಒಳ್ಳೆಯ ಮಾತಾಡಿ ಎಂದು ಸೂರಃ ಅನ್ನಿಸಾದ 8ನೇ ಆಯತ್ ಕಲಿಸುತ್ತದೆ. ಈ ಆಯತ್ ನಾವು ಓದುತ್ತೇವೆ. ಪಾಲು ಪತ್ರ ಬರೆಯುವ ದಿನ ಮಾತ್ರ ನೆನಪಾಗುವುದಿಲ್ಲ.

ಕೊಡುವ ರೀತಿಯೂ ಮುಖ್ಯ. ರಮಝಾನಿನಲ್ಲಿ ಗೇಟಿನ ಮುಂದೆ ಸಾಲು ನಿಲ್ಲಿಸಿ ನೂರು ರೂಪಾಯಿ ಹಂಚಿದರೆ ಮುಂದಿನ ವರ್ಷವೂ ಅದೇ ಸಾಲು, ಅದೇ ಮುಖಗಳು. ಅದೇ ದುಡ್ಡು ಒಟ್ಟಾದರೆ ಒಬ್ಬ ವಿಧವೆಗೆ ಹೊಲಿಗೆ ಯಂತ್ರ, ಒಬ್ಬ ಹುಡುಗನಿಗೆ ಕಾಲೇಜು ಫೀಸು. ಶಾಲೆಯ ಮಗು ಮೊಟ್ಟೆಗಾಗಿ ಯಾರ ಗೇಟಿನ ಮುಂದೆಯೂ ನಿಲ್ಲುವುದಿಲ್ಲ. ಎಲ್ಲರ ಜೊತೆ ಕೂತು, ತಲೆ ಎತ್ತಿ ಉಣ್ಣುತ್ತದೆ.

ನಮ್ಮ ಕುಟುಂಬಗಳಲ್ಲಿ ಮುಂದೆ ಪಾಲಿನ ಮಾತು ಎದ್ದಾಗ ಅಳತೆಯವನನ್ನು ಕರೆಯುವ ಮೊದಲು ಒಂದು ಚೀಟಿ ಬರೆಯೋಣ: ಸಾಲ ಯಾರಿಗೆ ಬಾಕಿ, ಪಾಲು ಸಿಗದ ತಂಗಿ ಯಾರು, ಬಾಡಿಗೆ ಮನೆಯಲ್ಲಿರುವ ಬಂಧು ಯಾರು. ಆಮೇಲೆ ಜಾಗ ಅಳೆಯೋಣ.