ಅಗ್ಗದ ಚಾಕು, ಅಪ್ಪನ ಕೈಯಳತೆ



ನಮ್ಮ ಸಂಘದ ಸದಸ್ಯರ ಪೈಕಿ ಮಕ್ಕಳು ಬೆಂಗಳೂರು ಸೇರದ ಮನೆ ಇಂದು ಅಪರೂಪ. ಹಬ್ಬಕ್ಕೆ ಊರಿಗೆ ಬರುವಾಗ ಹಿರಿಯರಿಗೆ ಏನು ತರುವುದೆಂದು ತೋಚದೆ ಅವರು ಬೇಕರಿಯ ಸಿಹಿಯನ್ನೋ ಹೊಸ ಮೊಬೈಲನ್ನೋ ಹಿಡಿದು ಬರುವುದುಂಟು. ಅದಕ್ಕಿಂತ ಅಗ್ಗವಾದ, ಆದರೆ ಹೆಚ್ಚು ಕಾಲ ಬಾಳುವ ಒಂದು ಉಡುಗೊರೆಯ ವಿಚಾರವನ್ನು ಈ ಸಂಚಿಕೆಯಲ್ಲಿ ತಿಳಿಸಬಯಸುತ್ತೇವೆ.

ಕಳೆದ ವರ್ಷ ಸಂಘದ ಕೆಲಸದ ನಿಮಿತ್ತ ಪೀಣ್ಯಕ್ಕೆ ಹೋಗಿದ್ದೆವು. 1970ರ ದಶಕದಲ್ಲಿ ರೂಪುಗೊಂಡ ಆ ಕೈಗಾರಿಕಾ ಪ್ರದೇಶದಲ್ಲಿ ಈಗ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಅಂಥದೊಂದು ಶೆಡ್ಡಿನಲ್ಲಿ ನಮ್ಮ ಸದಸ್ಯರೊಬ್ಬರ ಮಗ ಲೇತ್ ಕೆಲಸ ಮಾಡುತ್ತಾನೆ. ಪಾಳಿ ಮುಗಿದ ಮೇಲೆ ಅವನು ವೈಸಿಗೆ ಒಂದು ಸಾಧಾರಣ ಮಡಚುವ ಕಸಿ ಚಾಕುವನ್ನು ಸಿಕ್ಕಿಸಿ, ಅದರ ಪ್ಲಾಸ್ಟಿಕ್ ಹಿಡಿ ಬಿಚ್ಚುತ್ತಿದ್ದ.

“ಅಪ್ಪಯ್ಯನಿಗೆ. ಹೋದ ಸಲ ಊರಿಗೆ ಬಂದಾಗ ನೋಡಿದೆ, ಚಾಕು ಬಿಡಿಸೋಕೆ ಹಲ್ಲು ಹಚ್ತಿದ್ರು,” ಎಂದ.

ಆ ಹಿರಿಯರು ಹಲಸು, ಮಾವು, ಕಾಳುಮೆಣಸಿಗೆ ಕಸಿ ಕಟ್ಟುವುದರಲ್ಲಿ ಎತ್ತಿದ ಕೈ. ಈಚೆಗೆ ಬೆರಳ ಗಂಟು ಬಿಗಿದು, ಅಲಗಿನ ಗೀರಿನಲ್ಲಿ ಉಗುರು ನಿಲ್ಲುತ್ತಿರಲಿಲ್ಲ. ಇದನ್ನು ಅವರು ಯಾರಿಗೂ ಹೇಳಿಕೊಂಡಿರಲಿಲ್ಲ. ಕಸಿ ಕಟ್ಟುವುದನ್ನೇ ಮೆಲ್ಲಗೆ ಬಿಡುತ್ತಾ ಬಂದಿದ್ದರು.

ಮಾಡುವ ಕ್ರಮ

ಹಿಡಿಯ ಎರಡು ತುದಿಗೂ ಲೋಹದ ಕಟ್ಟು ಇರುವ ಚಾಕುವನ್ನು ಆರಿಸಬೇಕು. ಅಲಗು ತಿರುಗುವ ಕೀಲು ಆ ಕಟ್ಟಿನಲ್ಲಿರುವುದರಿಂದ ಅದನ್ನು ಮುಟ್ಟುವ ಅಗತ್ಯವಿಲ್ಲ. ಹಿಡಿಯ ರಿವೆಟ್ಟುಗಳನ್ನಷ್ಟೇ ಕೊರೆದು ಪ್ಲಾಸ್ಟಿಕ್ಕನ್ನು ತೆಗೆದು, ಅದನ್ನೇ ಮಾದರಿಯಾಗಿಟ್ಟು ಮರದ ಎರಡು ಬಿಲ್ಲೆಗಳನ್ನು ಕೊಯ್ಯಬೇಕು. ಹುಡುಗ ಬಳಸಿದ್ದು ತಮ್ಮ ತೋಟದಲ್ಲೇ ಕಿತ್ತ ಹಳೆಯ ರೊಬಸ್ಟಾ ಬುಡವನ್ನು. ಕಾಫಿ ಮರ ಗಟ್ಟಿ, ನಯವಾದ ಎಳೆಯದು. ಆದರೆ ಅವಸರದಲ್ಲಿ ಒಣಗಿಸಿದರೆ ಸೀಳುತ್ತದೆ. ತುದಿಗಳಿಗೆ ಮೇಣ ಬಳಿದು ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು.

ಬಿಲ್ಲೆಗಳನ್ನು ಅರಾಲ್ಡೈಟ್ ಹಾಗೂ ಹಿತ್ತಾಳೆ ರಿವೆಟ್ಟುಗಳಿಂದ ಕೂರಿಸಬೇಕು. ಅಂಟು ಕೀಲಿಗಾಗಲಿ ಸ್ಪ್ರಿಂಗಿಗಾಗಲಿ ಇಳಿಯಬಾರದು. ಹಿಡಿಯ ಆಕಾರಕ್ಕೆ ಹುಡುಗ ತಂದೆಯವರ ಹಳೆಯ ಕತ್ತಿಯ ಹಿಡಿಯನ್ನು ಎದುರಿಗಿಟ್ಟುಕೊಂಡಿದ್ದ; ಅದು ಎಲ್ಲಿ ಸವೆದಿತ್ತೋ ಅಲ್ಲಿ ಇದನ್ನೂ ತಗ್ಗಿಸಿದ. ಬಿಗಿದ ಬೆರಳಿಗೆ ತೆಳು ಹಿಡಿ ನಿಲ್ಲದೆಂದು ಬಿಲ್ಲೆಗಳನ್ನು ತುಸು ದಪ್ಪವಾಗಿಯೇ ಬಿಟ್ಟ.

ಮುಖ್ಯ ಕೆಲಸ ಇನ್ನು ಮುಂದಿನದು. ಅಲಗನ್ನು ಬಿಡಿಸಿಟ್ಟು, ಹಿಡಿಯ ಎರಡೂ ಪಕ್ಕದಲ್ಲಿ ದುಂಡು ಅರದಿಂದ ಅರ್ಧಚಂದ್ರಾಕಾರದ ತಗ್ಗು ಮಾಡಿದ. ಮಡಚಿದಾಗ ಅಲಗಿನ ಬೆನ್ನು ಅಲ್ಲಿ ಕಾಣುತ್ತದೆ. ಉಗುರು ಬೇಡ, ಎರಡು ಬೆರಳಿನಿಂದ ಹಿಡಿದೆಳೆದರೆ ಸಾಕು. ತಗ್ಗು ಆಳವಾಗಿ ಅಲಗಿನ ಬಾಯಿ ಹೊರಗೆ ಕಾಣಬಾರದು. ಕೊನೆಗೆ ಉಪ್ಪುಕಾಗದದಿಂದ ಉಜ್ಜಿ, ಅಗಸೆ ಎಣ್ಣೆಯನ್ನು ತೆಳ್ಳಗೆ ಎರಡು ಮೂರು ಸಲ ಸವರಿದ.

ಎಚ್ಚರಿಕೆ

ಕಾಂಡಕೊರಕ ಹತ್ತಿದ ಅರೇಬಿಕಾ ಗಿಡದ ಮರವನ್ನು ಇದಕ್ಕೆಂದು ಉಳಿಸಿಕೊಳ್ಳಬೇಡಿ. ಒಳಗಿನ ಹುಳು ದುಂಬಿಯಾಗಿ ಹೊರಬಂದು ಉಳಿದ ಗಿಡಗಳಿಗೂ ಹತ್ತುತ್ತದೆ. ಅದನ್ನು ಸುಡುವುದೇ ಸರಿ. ಒಂದೇ ಮಗ್ಗುಲಿಗೆ ಹರಿತವಿರುವ ಕಸಿ ಚಾಕುವನ್ನು ಆ ಮಗ್ಗುಲಿಗಷ್ಟೇ ಸಾಣೆ ಹಿಡಿಯಬೇಕು. ಮಿಷನ್ನಿಗೆ ಒಡ್ಡಿ ಅಲಗು ನೀಲಿಗಟ್ಟಿದರೆ ಹದ ಕೆಟ್ಟಿತೆಂದೇ ತಿಳಿಯಿರಿ.

ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂಬ ಮಾತು ನಮ್ಮಲ್ಲಿದೆ. ಹುಡುಗ ಆಯುಧಪೂಜೆಯ ದಿನ ಅದನ್ನು ತಂದೆಯವರ ಕತ್ತಿ, ಗರಗಸಗಳ ನಡುವೆ ಇಟ್ಟು ಸುಮ್ಮನಿದ್ದನಂತೆ. ಪೂಜೆಯಾದ ಮೇಲೆ ಅವರೇ ಎತ್ತಿಕೊಂಡರು.

ಮೊನ್ನೆ ಆ ಹಿರಿಯರು ಅಡಕೆ ತಂದಿದ್ದರು. ಚೀಲದ ಹುರಿ ಕೊಯ್ಯಲು ನಮ್ಮೆದುರೇ ಎರಡು ಬೆರಳಲ್ಲಿ ಚಾಕು ಬಿಡಿಸಿದರು. “ಮಗ ಪೀಣ್ಯದಲ್ಲಿ ಏನು ಕೆಲಸ ಮಾಡ್ತಾನೆ ಅಂತ ಇಷ್ಟು ದಿನ ಸರಿಯಾಗಿ ಗೊತ್ತಿರಲಿಲ್ಲ ಮಾರಾಯ್ರೇ,” ಎಂದರು. ಈ ಮಳೆಗಾಲದಲ್ಲಿ ಮತ್ತೆ ಹಲಸಿಗೆ ಕಸಿ ಕಟ್ಟಿದ್ದಾರೆ.

ಸದಸ್ಯರು ಈ ಪುಟವನ್ನು ಊರು ಬಿಟ್ಟ ಮಕ್ಕಳಿಗೆ ತಪ್ಪದೆ ತೋರಿಸಬೇಕೆಂದು ನಮ್ಮ ಅರಿಕೆ. ಏನು ಬೇಕೆಂದು ಕೇಳಿದರೆ ಹಿರಿಯರು ಹೇಳುವುದಿಲ್ಲ. ಅವರ ಕೈಯನ್ನು ನೋಡಿದರೆ ತಿಳಿಯುತ್ತದೆ.