ಮಾಡೆಲ್ ವಿಮಾನದ ಕಿಟ್ ಕೊಳ್ಳುವ ಮುನ್ನ: ಒಂದು ಮಿಗ್-21 ಕಲಿಸಿದ ಪಾಠ

ಸೋಲಾಪುರ: ಮಿಗ್-21 ಯುದ್ಧವಿಮಾನ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಭಾರತೀಯ ವಾಯುಪಡೆಯಿಂದ ನಿವೃತ್ತಿಯಾಯಿತು. 1963ರಲ್ಲಿ ಸೇವೆಗೆ ಸೇರಿದ ಈ ವಿಮಾನಗಳಲ್ಲಿ ಹೆಚ್ಚಿನವು ತಯಾರಾದದ್ದು ನಮ್ಮ ರಾಜ್ಯದ ನಾಸಿಕದಲ್ಲಿರುವ ಎಚ್.ಎ.ಎಲ್. ಕಾರ್ಖಾನೆಯಲ್ಲಿ. ಈಗಿನ ಮಕ್ಕಳಿಗೆ ಅದನ್ನು ತೋರಿಸಬೇಕೆಂದರೆ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಬೇಕು, ಇಲ್ಲವೇ ಪ್ಲಾಸ್ಟಿಕ್ ಕಿಟ್ ತಂದು ಜೋಡಿಸಬೇಕು. ಆದರೆ ಕಿಟ್‌ನಲ್ಲಿರುವುದು ನಿಜವಾದ ಮಿಗ್‌ನ ರೂಪವೇ? ತಿಳಿಯುವುದು ಹೇಗೆ?

ತಮ್ಮನ ಮಗನಿಗೆಂದು ನಾನೊಂದು ಕಿಟ್ ತಂದಿದ್ದೆ. ಡಬ್ಬಿಯ ಮೇಲಿನ ಚಿತ್ರದಲ್ಲಿ ವಿಮಾನದ ಹೊಟ್ಟೆಯಡಿ ಗನ್ ಇತ್ತು. ಜೋಡಿಸಲು ಕುಳಿತ ಹುಡುಗ, "ಕಾಕಾ, ಇದಕ್ಕ ಗನ್ನೇ ಇಲ್ಲಲ್ಲ!" ಅಂದ. ನಾನು ಬಿ.ಎ. ಓದಿದವನು, ವಿಮಾನಗಳ ವಿಷಯ ಅಷ್ಟಕ್ಕಷ್ಟೇ. ಹಣ ನೀರುಪಾಲಾಯಿತೆಂದೇ ತಿಳಿದೆ. ಪುಸ್ತಕ ತೆರೆದು ನೋಡಿದಾಗ ಗೊತ್ತಾದದ್ದು ಬೇರೆ. ಚಿತ್ರ ಒಂದು ಮಿಗ್‌ನದು, ಒಳಗಿದ್ದದ್ದು ಇನ್ನೊಂದು ಮಿಗ್.

ಮೊದಲು ಮಾದರಿ ಕೇಳಿ

ನಾಸಿಕದಲ್ಲಿ ಎಫ್.ಎಲ್., ಎಂ. ಮತ್ತು ಬಿಸ್ ಎಂಬ ಮೂರು ಮಾದರಿಗಳು ತಯಾರಾದವು. ಎಫ್.ಎಲ್.ಗೆ ಒಳಗೇ ಅಳವಡಿಸಿದ ಗನ್ ಇರಲಿಲ್ಲ. ಬೇಕಾದಾಗ ಗನ್ ಇರುವ ಪೆಟ್ಟಿಗೆಯನ್ನು ಹೊಟ್ಟೆಯಡಿ ತೂಗುಹಾಕುತ್ತಿದ್ದರು. ಅದರ ರೆಕ್ಕೆಗಳಡಿ ಆಯುಧ ತೂಗುಹಾಕಲು ಎರಡೇ ಜಾಗ. ಮೂಗಿನ ಮುಂದಿನ ಉದ್ದ ಕಡ್ಡಿ ನಟ್ಟನಡುವೆ ಮೇಲ್ಗಡೆ ಇರುತ್ತದೆ. ಎಂ. ಮತ್ತು ಬಿಸ್ ಮಾದರಿಗಳಲ್ಲಿ ಹೊಟ್ಟೆಯಡಿ ಜೋಡಿ ನಳಿಗೆಯ ಗನ್ ಇದೆ, ರೆಕ್ಕೆಗಳಡಿ ನಾಲ್ಕು ಜಾಗಗಳಿವೆ, ಕಡ್ಡಿ ಬಲಕ್ಕೆ ಸರಿದಿದೆ. ಬಿಸ್‌ನ ಬೆನ್ನು ಎಲ್ಲಕ್ಕಿಂತ ದಪ್ಪ. ಆದ್ದರಿಂದ ಬರೀ "ಮಿಗ್-21" ಎಂಬ ಹೆಸರು ನೋಡಿ ಕಿಟ್ ಸರಿ ಅಥವಾ ತಪ್ಪು ಎನ್ನಲಾಗದು.

ಆಮೇಲೆ ಅಳೆಯಿರಿ

ಕಿಟ್‌ಗಳು ಸಾಮಾನ್ಯವಾಗಿ 1:72 ಅಥವಾ 1:48 ಪ್ರಮಾಣದಲ್ಲಿ ಬರುತ್ತವೆ. 1:72 ಎಂದರೆ ಆರು ಅಡಿಗೆ ಒಂದು ಇಂಚು. ಮಿಗ್-21ರ ರೆಕ್ಕೆಗಳ ತುದಿಯಿಂದ ತುದಿಗೆ 7.15 ಮೀಟರ್. ಅದನ್ನು 72ರಿಂದ ಭಾಗಿಸಿದರೆ 99 ಮಿಲಿಮೀಟರ್, 48ರಿಂದ ಭಾಗಿಸಿದರೆ 149. ಶಾಲೆಯ ಸ್ಕೇಲ್ ಸಾಕು. ಉದ್ದ ಅಳೆಯುವಾಗ ಮಾತ್ರ ಎಚ್ಚರ. ಕೆಲವು ಪುಸ್ತಕಗಳು ಮೂಗಿನ ಕಡ್ಡಿಯನ್ನೂ ಸೇರಿಸಿ ಉದ್ದ ಹೇಳುತ್ತವೆ, ಕೆಲವು ಬಿಟ್ಟು ಹೇಳುತ್ತವೆ.

ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಕಣ್ಣಿಗೆ ಗೊತ್ತಾಗದು. ಅಳತೆ ಸರಿಯಿದ್ದೂ ಮೂಗಿನ ದುಂಡು, ಬೆನ್ನಿನ ಏರು ಅಥವಾ ಬಾಲದ ಓರೆ ತಪ್ಪಿದರೆ ಮಾತ್ರ ವಿಮಾನ ಬೇರೆಯೇ ಕಾಣುತ್ತದೆ. ಹಾಗಾಗಿ ಫೋಟೋಗಳೊಂದಿಗೆ ಹೋಲಿಸಿ ನೋಡಬೇಕು. ಒಂದೇ ಫೋಟೋ ನಂಬಬಾರದು, ಏಕೆಂದರೆ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮೂಗು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಗುಣಮಟ್ಟ ಬೇರೆ ಮಾತು

ಆಕಾರ ಸರಿಯಿದ್ದರೂ ಅಚ್ಚು ಕೆಟ್ಟದಿರಬಹುದು. ಅಚ್ಚು ಸವೆದಿದ್ದರೆ ಭಾಗಗಳ ಅಂಚಿನಲ್ಲಿ ತೆಳು ಪ್ಲಾಸ್ಟಿಕ್ ಪೊರೆ ಉಳಿಯುತ್ತದೆ. ದಪ್ಪ ಭಾಗ ನಿಧಾನವಾಗಿ ಆರುವುದರಿಂದ ಮೇಲ್ಮೈಯಲ್ಲಿ ಕುಳಿ ಬೀಳುತ್ತದೆ. ಅಂಟು ಹಚ್ಚುವ ಮುನ್ನ ಎರಡು ಹೋಳುಗಳನ್ನು ಸುಮ್ಮನೆ ಜೋಡಿಸಿ ನೋಡಿ, ಸಂದು ಎಷ್ಟಿದೆ ಎಂದು ತಿಳಿಯುತ್ತದೆ. ಕಾಕ್‌ಪಿಟ್‌ನ ಗಾಜು ಸ್ವಚ್ಛವಾಗಿರಬೇಕು.

ಮೈಮೇಲಿನ ಗೀರುಗಳನ್ನೂ ಗಮನಿಸಿ. 1:72 ಮಾಡೆಲ್‌ನಲ್ಲಿ 0.2 ಮಿಲಿಮೀಟರ್ ಅಗಲದ ಗೀರು ಎಂದರೆ ನಿಜವಾದ ವಿಮಾನದಲ್ಲಿ 14 ಮಿಲಿಮೀಟರ್. ತಗಡುಗಳ ನಡುವೆ ಬೆರಳು ತೂರುವಷ್ಟು ಸಂದಿಟ್ಟುಕೊಂಡು ಯಾವ ವಿಮಾನವೂ ಹಾರುವುದಿಲ್ಲ! ಆಳವಾದ ಗೀರು ನೋಡಲು ಚೆಂದ, ಆದರೆ ನಿಜವಲ್ಲ.

ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ ಹಾಳೆಯನ್ನೂ ನೋಡಿ. ನಮ್ಮ ವಾಯುಪಡೆಯ ಚಕ್ರದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಮುದ್ರಣದಲ್ಲಿ ಒಂದು ಬಣ್ಣ ಪಕ್ಕಕ್ಕೆ ಸರಿದಿದ್ದರೆ ಅದನ್ನು ಮನೆಯಲ್ಲಿ ಸರಿಪಡಿಸಲಾಗದು. ಪೊರೆ ಕೆರೆಯಬಹುದು, ಸಂದು ತುಂಬಬಹುದು. ಇಡೀ ಆಕಾರವೇ ತಪ್ಪಿದ್ದರೆ ಹೊಸಬರ ಕೈಯಲ್ಲಿ ಆಗುವುದು ಕಡಿಮೆ. ಆದ್ದರಿಂದ ಆಯ್ಕೆಯಲ್ಲಿ ಆಕಾರಕ್ಕೆ ಮೊದಲ ಸ್ಥಾನ ಕೊಡಿ. ಮೊದಲ ಬಾರಿ ಜೋಡಿಸುವ ಮಗುವಿಗಾದರೆ ಸಲೀಸಾಗಿ ಕೂಡುವ ಕಿಟ್ಟೇ ಒಳ್ಳೆಯದು.

ನಮ್ಮ ಕಿಟ್‌ಗೆ ಬೇರೆ ಕಡೆಯಿಂದ ಗನ್ ತಂದು ಅಂಟಿಸೋಣವೇ ಎಂದು ಯೋಚಿಸಿದ್ದೆವು. ಅಂಟಿಸದಿದ್ದದ್ದೇ ಒಳ್ಳೆಯದಾಯಿತು. 1971ರ ಡಿಸೆಂಬರ್ 14ರಂದು ಢಾಕಾದ ಗವರ್ನರ್ ಭವನದ ಮೇಲೆ ದಾಳಿ ಮಾಡಿದ್ದು ಇದೇ ಎಫ್.ಎಲ್. ಮಾದರಿ. 2013ರ ಡಿಸೆಂಬರ್‌ನಲ್ಲಿ ಅದು ಸೇವೆಯಿಂದ ಹಿಂದೆ ಸರಿಯಿತು. ಹುಡುಗ ಈಗ ಪೀಠದ ಮೇಲೆ "ಮಿಗ್-21 ಎಫ್.ಎಲ್." ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿಟ್ಟಿದ್ದಾನೆ. ಮನೆಗೆ ಬಂದವರು ಗನ್ ಎಲ್ಲಿ ಎಂದು ಕೇಳಿದರೆ ಉತ್ತರ ಕೊಡುವವನೂ ಅವನೇ.